ಮಗ ಕಳಿಸಿದ ಮನುಷ್ಯ

ಅಪ್ಪ ನನ್ನನ್ನು ಮೊದಲ ಸಲ ‘ನೀವು’ ಎಂದು ಮಾತಾಡಿಸಿದ್ದು ಒಂದು ಭಾನುವಾರ ಮಧ್ಯಾಹ್ನ. ಕುಷಾಯಿಗೂಡದ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಊಟಕ್ಕೆ ಕರೆಯಲು ಹೋದೆ. ಕನ್ನಡಕದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು.

“ನೀವ್ ಯಾರ ಪೈಕಿರಿ?”

ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡೆ. “ನಿಮ್ಮ ಪೈಕೀನ,” ಎಂದೆ.

ಅವರು ನಗಲಿಲ್ಲ. “ಮಾರಿ ನಮ್ಮ ಮಗಳದ್ಹಂಗ ಐತಿ. ಧ್ವನೀನೂ ಹಂಗ ಐತಿ. ಭಾಳ ಛಂದ ಮಾಡ್ಯಾರ. ಆದ್ರ ಅಕಿ ಬರೋದು ಸಂಜೀಕರಿ, ಫ್ಯಾಕ್ಟರಿ ಬಸ್ಸಿಗೆ. ಅಲ್ಲೀತನಕ ಬೇಕಾದ್ರ ಕುಂಡ್ರಿ.”

ಎಂಬತ್ತು ದಾಟಿದ ಮನುಷ್ಯ, ನಿದ್ದೆಗಣ್ಣಿನಲ್ಲಿದ್ದಾರೆ ಎಂದು ನನ್ನ ಗಂಡ ಸಮಾಧಾನ ಹೇಳಿದರು. ಅವರು ನಾನು ಕೆಲಸ ಮಾಡುವ ಕಾರ್ಖಾನೆಯಿಂದಲೇ ಹಿಂದಿನ ವರ್ಷ ನಿವೃತ್ತರಾಗಿ ಹಗಲೆಲ್ಲ ಅಪ್ಪನ ಜೊತೆ ಇರುತ್ತಿದ್ದರು. ಅವರ ಬಗ್ಗೆ ಅಪ್ಪನಿಗೆ ಯಾವ ಅನುಮಾನವೂ ಇರಲಿಲ್ಲ. ಸಂಜೆ ನಾನು ತರಕಾರಿ ತರಲು ಹೋಗಿ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. “ಬಂದ್ಯಾ ಅವ್ವಾ? ಮಧ್ಯಾಹ್ನ ಯಾವಕಿನೋ ಒಬ್ಬಾಕಿ ಬಂದಿದ್ಲು. ಥೇಟ್ ನಿನ್ನ ಹಂಗ. ಪಾಪ, ಕೆಟ್ಟಾಕಿ ಅಲ್ಲ,” ಎಂದು ನನ್ನ ಕೈಯಿಂದ ಚೀಲ ಇಸಿದುಕೊಂಡರು.

ಆಮೇಲೆ ಇದು ಪ್ರತಿ ರಜೆಯ ದಿನ ನಡೆಯತೊಡಗಿತು. ಮಧ್ಯಾಹ್ನದ ಹೆಂಗಸು ಬೇರೆ, ಸಂಜೆಯ ಮಗಳು ಬೇರೆ. ಮಧ್ಯಾಹ್ನದವಳಿಗೆ ಅವರು ಮರ್ಯಾದೆಯಿಂದ ‘ರೀ’ ಹಚ್ಚಿ ಮಾತಾಡುತ್ತಿದ್ದರು, ಆದರೆ ಅವಳ ಕೈಯಿಂದ ನೀರು ಮಾತ್ರ ಕುಡಿಯುತ್ತಿರಲಿಲ್ಲ.

ತೋರಿಸಿದ ಡಾಕ್ಟರು ಸಾವಕಾಶವಾಗಿ ತಿಳಿಸಿ ಹೇಳಿದರು. ವಯಸ್ಸಾದ ಕೆಲವರ ಮಿದುಳಿಗೆ ಮುಖದ ಗುರುತು ಸಿಗುತ್ತದೆ, ಆದರೆ ಆ ಮುಖದ ಜೊತೆ ಬರಬೇಕಾದ ‘ಇವರು ನಮ್ಮವರು’ ಎನ್ನುವ ಭಾವ ಬರುವುದಿಲ್ಲ. ಆಗ ಅದು ತಾನೇ ಒಂದು ಕತೆ ಕಟ್ಟಿಕೊಳ್ಳುತ್ತದೆ. ಕೊನೆಗೆ ಬರೆಯುತ್ತಾ ಕೇಳಿದರು, “ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಇತ್ತೆ?”

“ಇಲ್ಲ,” ಎಂದರು ಅಪ್ಪ. ಪ್ರಶ್ನೆ ಮುಗಿಯುವ ಮೊದಲೇ ಬಂದ ಉತ್ತರ ಅದು.

ನನಗೆ ಗೊತ್ತಿದ್ದದ್ದು ಇಷ್ಟು: ಅಪ್ಪನಿಗೆ ಆರು ವರ್ಷವಿದ್ದಾಗ ಅವರ ತಾಯಿ ಬೀದರ ಕಡೆಯ ಊರಿನಲ್ಲಿ ಕಾಲರಾದಿಂದ ತೀರಿಕೊಂಡಳು. ಅಜ್ಜ ಮರುಮದುವೆಯಾದರು. ಆ ಎರಡನೆಯ ಹೆಂಡತಿಯ ಮಗಳು, ನನ್ನ ಸೋದರತ್ತೆ, ಇದೇ ಊರಿನ ತಾರ್ನಾಕದಲ್ಲಿ ಒಬ್ಬಳೇ ಇದ್ದಾಳೆ. ಅವಳಿಗೆ ಅಪ್ಪನ ಸ್ಥಿತಿ ತಿಳಿಸಲು ಹೋದೆ. ಚಹಾ ಕುದಿಯುತ್ತಿತ್ತು. ಅಪ್ಪ ನನ್ನನ್ನು ‘ಭಾಳ ಛಂದ ಮಾಡ್ಯಾರ’ ಅಂದದ್ದು ಹೇಳಿದ ಕೂಡಲೇ ಅವಳು ಒಲೆ ಆರಿಸಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಆದರೂ ಅಡುಗೆಮನೆಯ ಬಾಗಿಲು ಎಳೆದುಕೊಂಡಳು.

“ಹಿಂಗ ಅಂದ್ರೇನ? ಇದ ಮಾತು?”

“ಹೂಂ ಅತ್ತಿ, ಯಾಕ?”

“ನಿಮ್ಮಪ್ಪನ ಹಡದವ್ವಗ ಕಾಲರಾ ಬಂದಿದ್ದಿಲ್ಲವಾ. ಅಕಿ ಸತ್ತೂ ಇದ್ದಿಲ್ಲ. ನಮ್ಮವ್ವ ಸಾಯೋ ಮುಂದ ನನ್ನ ಕಿವ್ಯಾಗ ಹೇಳ್ಯಾಳ. ಅಕೀನ ಇದ ಊರಿನ ಹುಚ್ಚರ ದವಾಖಾನಿಗೆ ತಂದು ಬಿಟ್ಟಿದ್ರಂತ. ಬಂಡ್ಯಾಗ ಕರಕೊಂಡು ಬರೋ ಮುಂದ ನಿಮ್ಮಪ್ಪನೂ ಸಂಗಾಟ ಇದ್ದನಂತ. ಇಲ್ಲಂದ್ರ ಅಕಿ ಬಂಡಿ ಹತ್ತಾಕ ಒಲ್ಲೆ ಅಂದ್ಲಂತ.”

“ಅಕಿಗೇನಾಗಿತ್ತು?”

“ಗಂಡನ್ನ ನೋಡಿ, ಇವರು ಅವರಲ್ಲ ಅಂತಿದ್ಲಂತ.”

ಆಮೇಲೆ ಆ ಹೆಂಗಸು ಏನಾದಳು, ಎಷ್ಟು ದಿನ ಬದುಕಿದಳು, ಅತ್ತೆಗೂ ಗೊತ್ತಿರಲಿಲ್ಲ. ಡಾಕ್ಟರಿಗೆ ಉತ್ತರ ಕೊಡಬೇಕು ಎನ್ನುವುದು ನನಗೆ ಒಂದು ನೆಪ. ನಿಜ ಹೇಳಬೇಕೆಂದರೆ ಬಸ್ಸಿನಲ್ಲಿ ಮನೆಗೆ ಬರುವಾಗ ನನಗೆ ಸುಮ್ಮನೆ ಕೂರಲು ಆಗುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದ ಊರಿನಲ್ಲೇ ನನ್ನ ಅಜ್ಜಿ ಒಂದು ಗೋಡೆಯ ಆಚೆ ಇದ್ದಳು.

ಆಸ್ಪತ್ರೆಯ ಕಚೇರಿಯಲ್ಲಿ ಗುಮಾಸ್ತೆ ತೆಲುಗಿನಲ್ಲಿ ಮೊದಲು ಹೇಳಿದ್ದು “ಕುದರದು ಮೇಡಂ,” ಆಗುವುದಿಲ್ಲ ಎಂದು. ಮಾನಸಿಕ ರೋಗಿಗಳ ಕಾಗದ ಗೋಪ್ಯ. ನಾನು ಮೂರು ಸಲ ಹೋದ ಮೇಲೆ ಹಳೆಯ ರಿಜಿಸ್ಟರಿನಲ್ಲಿ ಹೆಸರು ಹುಡುಕಿಸಿದಳು. ಹೆಸರು ಇತ್ತು. ಆದರೆ ಎದುರಿಗೆ ಕೆಂಪು ಶಾಯಿಯಲ್ಲಿ ಉರ್ದು ಬರಹವೊಂದಿತ್ತು, ಗುಮಾಸ್ತೆ ಅದನ್ನು ಬೇರೊಬ್ಬರಿಂದ ಓದಿಸಿದಳು. ಈ ರೋಗಿಯ ಫೈಲು ಗಂಡನ ಕೋರಿಕೆಯ ಮೇರೆಗೆ ಮೊಹರು ಮಾಡಲಾಗಿದೆ, ಯಾರಿಗೂ ಮಾಹಿತಿ ಕೊಡಕೂಡದು. ಗಂಡ ಸತ್ತು ನಲವತ್ತು ವರ್ಷವಾಗಿದ್ದರೂ ಮೊಹರು ಮೊಹರೇ. ಮೇಲಿನವರನ್ನು ಕೇಳಿ ಬಂದು ಅವಳು ಒಂದು ದಾರಿ ಹೇಳಿದಳು. ರೋಗಿಯ ಮಗ ಬದುಕಿದ್ದರೆ ಅವರೇ ಅರ್ಜಿ ಹಾಕಬಹುದು. ಬರಲಾಗದಿದ್ದರೆ, ‘ಇವಳು ನನ್ನ ಮಗಳು, ನನ್ನ ಪರವಾಗಿ ನೋಡಲು ಒಪ್ಪಿದ್ದೇನೆ’ ಎಂದು ಸಹಿ ಮಾಡಿಕೊಡಬೇಕು.

ಆ ಫಾರಮ್ಮು ಹಿಡಿದುಕೊಂಡು ಬಹಳ ಹೊತ್ತು ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತಿದ್ದೆ. ನಾನು ಅವರ ಮಗಳು ಎಂದು ಬರೆದುಕೊಡಬೇಕಾದವರು, ಜಗತ್ತಿನಲ್ಲಿ ಅದನ್ನು ನಂಬದ ಒಬ್ಬನೇ ಮನುಷ್ಯ.

ಮರುದಿನ ರಜೆ ಹಾಕಿ ಬೆಳಿಗ್ಗೆಯೇ ಅಪ್ಪನ ಮುಂದೆ ಕಾಗದ ಇಟ್ಟೆ. ಬೆಳಿಗ್ಗೆ ಅವರ ಮನಸ್ಸು ತಿಳಿಯಾಗಿರುತ್ತಿತ್ತು. ಓದಿದರು. ಅವರ ತಾಯಿಯ ಹೆಸರಿನ ಮೇಲೆ ಬೆರಳು ನಿಂತಿತು.

“ಯಾರು ಹೇಳಿದ್ರು?”

“ಅತ್ತಿ.”

“ಆತು. ನೋಡ ಅಕಿ ಏನಾದ್ಲು ಅಂತ,” ಎಂದಷ್ಟೇ ಹೇಳಿ, ತಾನು ರೋಗಿಯ ಮಗ ಎನ್ನುವಲ್ಲಿ ಸಹಿ ಮಾಡಿದರು. ಎರಡನೆಯ ಸಹಿಯ ಮೊದಲು ತಲೆ ಎತ್ತಿದರು. ಅಷ್ಟರಲ್ಲಿ ಏನಾಯಿತೋ, ಕಣ್ಣಿನ ನೋಟ ಬದಲಾಗಿತ್ತು. ಪೆನ್ನಿನ ಟೊಪ್ಪಿಗೆ ಹಾಕಿದರು.

“ಇದು ನಮ್ಮ ಮಗಳಿಗೆ ಕೊಡೋದು ಐತ್ರಿ. ಅಕಿ ಬರ್ಲಿ. ನಿಮಗ ಹೆಂಗ ಕೊಡ್ಲಿ?”

ಹೊರಗೆ ಹೋಗಿ ಸಂಜೆ ಬಾ ಎಂದು ಗಂಡ ಸನ್ನೆ ಮಾಡಿದರು. ನಾನು ಒಳಗೆ ಹೋಗಿ ಕಾರ್ಖಾನೆಗೆ ಹೋಗುವ ಸೀರೆ ಉಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಹಿಂಬಾಗಿಲಿನಿಂದ ಹೊರಗೆ ಹೋದೆ. ಹೋಗಲು ಜಾಗವಿರಲಿಲ್ಲ. ಅಂಗಡಿ ಸಾಲಿನ ಮುಂದೆ ಅಡ್ಡಾಡಿದೆ, ಪಾರ್ಕಿನಲ್ಲಿ ಕೂತೆ, ಪರಿಚಯದವರು ಸಿಕ್ಕರೆ ಮುಖ ತಿರುಗಿಸಿದೆ. ನನ್ನದೇ ಮನೆಗೆ ನಾನಾಗಿ ಹಿಂತಿರುಗಲು ಸಂಜೆಯಾಗುವುದನ್ನು ಕಾಯುತ್ತಿದ್ದೆ. ಐದೂವರೆಗೆ ಕಾರ್ಖಾನೆಯ ಬಸ್ಸು ಬಂದು ಜನ ಇಳಿದಾಗ ಅವರ ನಡುವೆ ಸೇರಿಕೊಂಡು ಮನೆಗೆ ನಡೆದೆ.

“ಬಂದ್ಯಾ ಅವ್ವಾ?” ಎಂದರು ಅಪ್ಪ. ಕಾಗದ ಕೈಯಲ್ಲೇ ಹಿಡಿದು ಕೂತಿದ್ದರು. ನನ್ನೆದುರೇ ಎರಡನೆಯ ಸಹಿ ಮಾಡಿದರು.

ಫೈಲು ನನ್ನ ಮುಂದೆ ಬರಲು ಮತ್ತೆ ಕೆಲವು ತಿಂಗಳು ಹಿಡಿಯಿತು. ಆ ದಿನ ಕಚೇರಿಯ ಹಿಂದಿನ ಒಂದು ಕೋಣೆಯಲ್ಲಿ ನನ್ನನ್ನು ಕೂರಿಸಿದರು. ಉರ್ದು ಭಾಗ ಓದಲು, ಹಿಂದೆ ಅಲ್ಲೇ ದಾಖಲೆ ನೋಡಿಕೊಳ್ಳುತ್ತಿದ್ದ ಒಬ್ಬ ಮುದುಕರನ್ನು ಕರೆಸಿದ್ದರು. ದಪ್ಪ ಕಂದು ಲಕೋಟೆ. ಅದರ ಅರಗು ಎಷ್ಟು ಹಳತಾಗಿತ್ತೆಂದರೆ ಮುರಿಯಬೇಕಾಗಲೇ ಇಲ್ಲ. ಮುದುಕರು ಹೆಬ್ಬೆರಳು ಇಟ್ಟ ಕೂಡಲೇ ಪುಡಿಯಾಗಿ ಮೇಜಿನ ಮೇಲೆ ಕುಂಕುಮದಂತೆ ಉದುರಿತು. “ಬಿಸ್ಮಿಲ್ಲಾ,” ಎಂದು ಅವರು ಮೊದಲ ಹಾಳೆ ತೆಗೆದರು.

ಅದು ಅಜ್ಜನ ಅರ್ಜಿ. ಮುದುಕರು ಒಂದೊಂದು ಸಾಲು ಓದಿ, ಹಿಂದಿಯಲ್ಲಿ ಬಿಡಿಸಿ ಹೇಳಿದರು. ‘ನನ್ನ ಹೆಂಡತಿ ನನ್ನನ್ನೂ ನನ್ನ ತಾಯಿಯನ್ನೂ ಬೇರೆ ಜನ ಎನ್ನುತ್ತಾಳೆ. ನಮ್ಮ ಮುಖ ಹಾಕಿಕೊಂಡು ಯಾರೋ ಬಂದು ಮನೆ ಸೇರಿದ್ದಾರೆ ಎನ್ನುತ್ತಾಳೆ. ಅಡುಗೆ ಮಾಡುತ್ತಾಳೆ, ಆದರೆ ಪರಪುರುಷನಿಗೆ ಬಡಿಸುವಂತೆ ಸೆರಗು ಮುಖದ ಮೇಲೆ ಎಳೆದುಕೊಂಡು ಬಡಿಸುತ್ತಾಳೆ. ಮಗನೊಬ್ಬನನ್ನು ಮಾತ್ರ ತನ್ನವನೆನ್ನುತ್ತಾಳೆ. ಅವನನ್ನು ಎತ್ತಿಕೊಂಡು, ನಿಜವಾದ ಮನೆ ಎಲ್ಲಿದೆ ಎಂದು ಕೇಳುತ್ತಾ ಊರೂರು ಹೋಗುತ್ತಾಳೆ.’

ಓದುತ್ತಾ ಮುದುಕರು ಒಮ್ಮೆ ನಿಂತು ನನ್ನ ಮುಖ ನೋಡಿದರು. “ನೀರು ಕುಡಿತೀಯಾ ಬೇಟಿ?” ನಾನು ಬೇಡವೆಂದೆ.

ಹನ್ನೆರಡು ವರ್ಷದ ನಂತರದ ಹಾಳೆಗಳು ಇಂಗ್ಲಿಷಿನಲ್ಲಿದ್ದವು. ಅವನ್ನು ನಾನೇ ಓದಿದೆ. ಹದಿನೆಂಟು ವರ್ಷದ ಮಗ ಒಂದು ದಿನ ಹುಡುಕಿಕೊಂಡು ಬಂದಿದ್ದ. ಗಂಡ ಯಾರಿಗೂ ಹೇಳಬಾರದೆಂದಿದ್ದರೂ ಆಗಿನ ಡಾಕ್ಟರು ಅವನಿಗೆ ತಾಯಿಯನ್ನು ತೋರಿಸಿದ್ದರು. ಅವಳು ನೋಡಿ, ‘ನನ್ನ ಮಗ ಸಣ್ಣವನು. ಇವನು ಅವನ ಹಾಗೆ ಇದ್ದಾನೆ, ಅವನಲ್ಲ’ ಎಂದಿದ್ದಳು. ಮಗ ಕಿವಿಯ ಹಿಂದಿನ ಸುಟ್ಟ ಕಲೆ ತೋರಿಸಿದ್ದ. ಅದಕ್ಕೆ ಅವಳು ಹೇಳಿದ್ದನ್ನು ಡಾಕ್ಟರು ಹಾಗೆಯೇ ಬರೆದುಕೊಂಡಿದ್ದರು: ‘ಕಲೆಯನ್ನೂ ಮಾಡಿದ್ದಾರೆ.’ ಆಮೇಲೆ ನಾಲ್ಕು ದಿನ ಅವಳು ಅನ್ನ ಮುಟ್ಟಲಿಲ್ಲ. ನಿಜವಾದ ಹುಡುಗನನ್ನು ಏನು ಮಾಡಿದಿರಿ ಎಂದು ಕೇಳುತ್ತಾ ಬಾಗಿಲ ಹತ್ತಿರವೇ ಕೂತಿದ್ದಳು.

ಎರಡು ತಿಂಗಳ ನಂತರ ಮತ್ತೊಂದು ಭೇಟಿ. ನೋಡಲು ಬಂದವರು ಯಾರು ಎನ್ನುವಲ್ಲಿ ವಾರ್ಡಿನ ನರ್ಸು ಬರೆದಿದ್ದಳು: ‘ಮಗ ಕಳಿಸಿದ ಮನುಷ್ಯ.’ ಪಕ್ಕದಲ್ಲಿ ಬೇರೆ ಕೈಬರಹ, ಬೇರೆ ಶಾಯಿ: ‘ಇವನೇ ಮಗ. ರೋಗಿಗೆ ತಿಳಿಸಬಾರದು.’

ನಾನು ಆ ಸಾಲಿನ ಮೇಲೆ ಕೈಯಿಟ್ಟುಕೊಂಡು ಕೂತೆ.

ಪ್ರತಿ ತಿಂಗಳೂ ಅವನು ಬಂದಿದ್ದ. ವರ್ಷಗಟ್ಟಲೆ. ‘ನಿಮ್ಮ ಮಗ ಚೆನ್ನಾಗಿದ್ದಾನೆ, ನಿಮ್ಮನ್ನು ನೋಡಿ ಬಾ ಎಂದು ನನ್ನನ್ನು ಕಳಿಸಿದ’ ಎನ್ನುತ್ತಿದ್ದ. ಅವಳು ಅವನನ್ನು ನಂಬಿದಳು. ಗಂಜಿ ಕುಡಿದಳು, ತಲೆ ಬಾಚಿಸಿಕೊಂಡಳು, ಮಗನಿಗೆ ಹೇಳಬೇಕಾದ ಮಾತು ಹೇಳಿ ಕಳಿಸಿದಳು. ಚಳಿಯಲ್ಲಿ ಕಿವಿ ಮುಚ್ಚಿಕೊ, ಬಾವಿಯ ಹತ್ತಿರ ಹೋಗಬೇಡ. ಅವಳ ಮಗನಿಗೆ ಯಾವಾಗಲೂ ಆರು ವರ್ಷ.

ನಾನು ಚಿಕ್ಕವಳಿದ್ದಾಗ ಅಪ್ಪ ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಡಬ್ಬಿ ಹಿಡಿದು ಹೋಗುತ್ತಿದ್ದರು. ಕಚೇರಿಯ ಗೆಳೆಯನಿಗೆ ಮೈಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದರು. ಅವ್ವ ಮಾತಿಲ್ಲದೆ ಶೇಂಗಾ ಹೋಳಿಗೆ ಮಾಡಿ ತುಂಬಿ ಕೊಡುತ್ತಿದ್ದಳು. ಅಷ್ಟು ವರ್ಷ ವಾಸಿಯಾಗದ ಗೆಳೆಯ ಯಾರೆಂದು ನಾನು ಯಾವತ್ತೂ ಕೇಳಲಿಲ್ಲ. ಅವ್ವ ತೀರಿಕೊಂಡು ಹತ್ತು ವರ್ಷವಾಗಿದೆ, ಅವಳಿಗೆ ಎಷ್ಟು ಗೊತ್ತಿತ್ತೋ ಇನ್ನು ತಿಳಿಯುವುದಿಲ್ಲ.

ಹಾಳೆ ತಿರುವುತ್ತಾ ಹೋದೆ. ಮೊದಲ ಹತ್ತು ವರ್ಷ ಒಂದೇ ಥರದ ಸಾಲು: ‘ಮಗ ಕ್ಷೇಮವೆಂದು ತಿಳಿದು ಸಮಾಧಾನ.’ ಆಮೇಲೆ ಬರಹ ಬದಲಾಗತೊಡಗಿತು. ‘ಮಗನ ಮುಂದಿನ ಎರಡು ಹಲ್ಲು ಬಿದ್ದವೆಂದು ಎಲ್ಲರಿಗೂ ಹೇಳುತ್ತಿದ್ದಾಳೆ.’ ‘ರೇಡಿಯೋ ಪೆಟ್ಟಿಗೆಯೊಳಗೆ ಸಣ್ಣ ಜನ ಇದ್ದಾರೆಂದು ಮಗ ಅದಕ್ಕೆ ಅನ್ನ ಇಡುತ್ತಾನಂತೆ. ನಗುತ್ತಾಳೆ.’ ‘ಉಯ್ಯಾಲೆಯಿಂದ ಬಿದ್ದು ಮಗನ ಗದ್ದಕ್ಕೆ ಮೂರು ಹೊಲಿಗೆ ಬಿದ್ದಿವೆಯೆಂದು ತಿಳಿದು ಅಳುತ್ತಿದ್ದಾಳೆ.’

ನನ್ನ ಕೈ ತಾನಾಗಿ ಗದ್ದಕ್ಕೆ ಹೋಯಿತು. ಮೂರು ಹೊಲಿಗೆಯ ಗೆರೆ ಇನ್ನೂ ಅಲ್ಲೇ ಇದೆ. ರೇಡಿಯೋಕ್ಕೆ ಅನ್ನ ಇಟ್ಟವಳು ನಾನು.

ನಾನು ಹುಟ್ಟಿದ ಮೇಲೆ ಅಪ್ಪನಿಗೆ ಹೇಳಲು ಸುದ್ದಿ ಸಿಕ್ಕಿತ್ತು. ನನ್ನ ಜ್ವರ, ನನ್ನ ಹಟ, ನನ್ನ ಹೊಸ ಚಪ್ಪಲಿ, ಎಲ್ಲವೂ ಆ ಗೋಡೆಯ ಆಚೆ ಹೋಗಿ ಒಬ್ಬ ಹುಡುಗನದಾಗಿದ್ದವು. ನಾನು ಕಂಡರಿಯದ ಒಬ್ಬ ಹೆಂಗಸು ನನ್ನ ಬಾಲ್ಯವನ್ನು ತಿಂಗಳಿಂದ ತಿಂಗಳಿಗೆ ಕಾದು ಕೂತು ಕೇಳಿದ್ದಳು. ಒಂದು ಕಡೆ ಡಾಕ್ಟರು ಬರೆದಿದ್ದರು: ‘ಮಗ ನಡುವೆ ಬೆಳೆಯದೆ ನಿಂತಿದ್ದ, ಈಗ ಮತ್ತೆ ಬೆಳೆಯುತ್ತಿದ್ದಾನೆ ಎನ್ನುತ್ತಾಳೆ.’

ಕೊನೆಯ ಹಾಳೆ ಅವಳ ಸಾವಿನದು. ಆಗ ನನಗೆ ಒಂಬತ್ತು ವರ್ಷ. ಆ ವಾರ ಅಪ್ಪ ತಲೆ ಬೋಳಿಸಿಕೊಂಡು ಬಂದದ್ದು ನೆನಪಿದೆ. ಹರಕೆ ಇತ್ತು ಎಂದಿದ್ದರು. ಹೆಣ ಒಪ್ಪಿಸಿಕೊಂಡವರ ಸಹಿ ಅಪ್ಪನದೇ. ಸಂಬಂಧ ಎನ್ನುವ ಕಡೆ, ಅಷ್ಟೂ ವರ್ಷದಲ್ಲಿ ಮೊದಲ ಸಲ ತಮ್ಮ ಕೈಯಿಂದಲೇ ಬರೆದಿದ್ದರು: ‘ಮಗ.’

ಮುದುಕರು ಹಾಳೆಗಳನ್ನು ಜೋಡಿಸಿ ಕಟ್ಟಿದರು. “ಇಂಥದ್ದು ನಾನು ಓದಿಲ್ಲ ಬೇಟಿ,” ಎಂದು ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡರು.

ಅಪ್ಪನಿಗೆ ಫೈಲಿನ ವಿಷಯ ಸಂಜೆಗೆ ಹೇಳಬೇಕು ಅಂದುಕೊಂಡೆ. ಸಂಜೆ ಅವರು ಏನೂ ಕೇಳಲಿಲ್ಲ. ‘ನೋಡ ಅಕಿ ಏನಾದ್ಲು’ ಎಂದಿದ್ದು ಅವರಿಗೆ ಗೊತ್ತಿರದೆ ಕೇಳಿದ ಮಾತಲ್ಲ ಎಂದು ಆಗ ಹೊಳೆದು ಸುಮ್ಮನಾದೆ. ಮುಂದಿನ ಭಾನುವಾರ ಮಧ್ಯಾಹ್ನ ಅವರು ಎಂದಿನಂತೆ ಕನ್ನಡಕದ ಮೇಲಿನಿಂದ ನೋಡಿದರು.

“ನೀವ್ ಯಾರ ಪೈಕಿರಿ?”

ನಾನು ನೀರಿನ ಲೋಟ ಅವರ ಮುಂದೆ ಹಿಡಿದೆ. “ನಿಮ್ಮ ಮಗಳು ಕಳಿಸ್ಯಾಳ್ರಿ, ನೋಡಿಕೊಂಡು ಬಾ ಅಂತ.”

ಅಪ್ಪನ ಮುಖದಲ್ಲಿ ಏನೋ ಒಂದು ಬಂದು ಹೋಯಿತು. ಅದು ಗುರುತೋ, ಹೆದರಿಕೆಯೋ, ನನಗೆ ಈಗಲೂ ಹೇಳಲು ಬರುವುದಿಲ್ಲ. “ಅಕೀನ ಕಳಿಸಿದ್ಲಾ?” ಎಂದರು. “ಹಂಗಾರ ಕುಂಡ್ರಿ.” ಅವತ್ತು ನನ್ನ ಕೈಯಿಂದ ನೀರು ತೆಗೆದುಕೊಂಡು ಕುಡಿದರು.

ಆಮೇಲೆ ಸುಮಾರು ಎರಡು ವರ್ಷ ಹೀಗೇ ನಡೆಯಿತು. ಮಗಳಿಗೆ ಹೇಳದ ಎಷ್ಟೋ ಮಾತನ್ನು ಅಪ್ಪ ಆ ಮಧ್ಯಾಹ್ನದ ಹೆಂಗಸಿಗೆ ಹೇಳಿದರು. ಬಂಡಿಯಲ್ಲಿ ತಾಯಿಯ ಮಡಿಲಲ್ಲಿ ಕೂತು ಬಂದದ್ದು. ಆಸ್ಪತ್ರೆಯ ಗೇಟಿನಲ್ಲಿ ಅಜ್ಜ ತಮ್ಮನ್ನು ಎತ್ತಿಕೊಂಡಾಗ ಅವಳು ಅಳದೆ, ‘ಹೋಗಿ ಬಾ, ದಾರಿ ನೆನಪಿಟ್ಟುಕೊ’ ಎಂದದ್ದು. ಒಂದು ದಿನ ಕುರ್ಚಿ ಹತ್ತಿರ ಎಳೆದುಕೊಂಡರು.

“ಒಂದು ತಪ್ಪು ಆಗೇತ್ರಿ ನನ್ನಿಂದ. ನನ್ನ ಮಗಳಂದು ಕದ್ದು ನಮ್ಮವ್ವಗ ಕೊಟ್ಟೀನಿ. ಅಕಿಗೆ ಗೊತ್ತಿಲ್ಲ.”

“ಏನು ಕದ್ರಿ?”

“ಅಕಿ ಬಿದ್ದದ್ದು, ಎದ್ದದ್ದು, ಎಲ್ಲಾ. ಅಕಿ ಅತ್ತದ್ದೂ ಬಿಡಲಿಲ್ರಿ.”

“ಅಕಿ ಬ್ಯಾಡ ಅನ್ನಾಂಗಿಲ್ಲ ಬಿಡ್ರಿ. ಕೊಟ್ಟದ್ದು ಛಲೋ ಆತು ಅಂತಾಳ.”

“ನೀವು ಕೇಳಿ ಹೇಳ್ತೀರೇನು?”

“ಕೇಳಿ ಹೇಳ್ತೀನ್ರಿ.”

ಅವರು ತಲೆಯಾಡಿಸಿದರು. ಆಮೇಲೆ ಮೆಲ್ಲಗೆ, “ನೀವೂ ನನ್ನಂಗ ಏನ್ರಿ? ಕಳಿಸಿದೋರು ಬ್ಯಾರೆ ಯಾರೂ ಇಲ್ಲ, ಅಲ್ಲಾ?” ಎಂದರು. ಹಾಗೆಯೇ ಕುರ್ಚಿಗೆ ಒರಗಿ ನಿದ್ದೆಗೆ ಜಾರಿದರು.

ಅಪ್ಪ ತೀರಿಕೊಂಡದ್ದು ಮಧ್ಯಾಹ್ನ ಎರಡರ ಸುಮಾರಿಗೆ. ಕೈ ನನ್ನ ಕೈಯಲ್ಲಿತ್ತು. “ಇನ್ನ ನೀವು ಹೋಗ್ರಿ, ಅಕಿ ಬರೋ ಹೊತ್ತಾತು,” ಎಂದು ಒಂದು ಸಲ ಹೇಳಿದರು. ಅವರ ಪಾಲಿಗೆ ಆ ಹೊತ್ತಿನಲ್ಲಿ ಹತ್ತಿರವಿದ್ದವಳು ನಾನಲ್ಲ.

ಡಾಕ್ಟರಿಗೆ ಅಜ್ಜಿಯ ವಿಷಯ ಹೇಳಿದ್ದೆ. ಇಬ್ಬರದೂ ಒಂದೇ ಕಾಯಿಲೆ ಎನ್ನಲಾಗದು, ಅವಳದು ಹರೆಯದಲ್ಲಿ ಬಂದದ್ದು, ಇವರದು ಮುಪ್ಪಿನದು, ನೀವು ಹೆದರಬೇಡಿ ಎಂದರು. ಅಜ್ಜಿ ಸತ್ತ ದಿನ ಗೊತ್ತಾಯಿತಲ್ಲ, ಆ ತಿಥಿಗೆ ಈಗ ಅವಳ ಹೆಸರಿನಲ್ಲಿ ನಾಲ್ಕು ಜನಕ್ಕೆ ಊಟ ಹಾಕುತ್ತೇವೆ. ತಾರ್ನಾಕದಿಂದ ಅತ್ತೆ ಬಂದು ಬಡಿಸುತ್ತಾಳೆ.

ಈ ಜನವರಿಯಲ್ಲಿ ನಾನೂ ನನ್ನ ಗಂಡನೂ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋಗಿದ್ದೆವು. ಸಂಜೆಯ ಹೊತ್ತು, ದೀಪಗಳು ಆಗಷ್ಟೇ ಹತ್ತಿದ್ದವು. ಶಾಲುಗಳ ಅಂಗಡಿಯ ಮುಂದೆ ನನ್ನನ್ನು ನಿಲ್ಲಿಸಿ ಅವರು ಮಿರ್ಚಿ ಬಜ್ಜಿ ತರಲು ಹೋದರು. ಗದ್ದಲದ ನಡುವಿನಿಂದ ಎರಡೂ ಕೈಯಲ್ಲಿ ಕಾಗದದ ತಟ್ಟೆ ಹಿಡಿದು ಒಬ್ಬರು ನನ್ನ ಕಡೆಗೇ ಬರುತ್ತಿದ್ದರು. ಅದೇ ಸ್ವೆಟರು, ಅದೇ ನಡಿಗೆ. ಆದರೆ ಎಲ್ಲೋ ಒಳಗೆ ಸದ್ದು ನಿಂತ ಹಾಗಾಯಿತು. ಯಾರೋ ಒಬ್ಬರು ನನ್ನ ಗಂಡನ ಮುಖದಲ್ಲಿ ನಗುತ್ತಾ ಬರುತ್ತಿದ್ದಾರೆ ಅನ್ನಿಸಿತು. ಒಂದು ಉಸಿರಿನಷ್ಟು ಹೊತ್ತು, ಅಷ್ಟೆ.

ನಮ್ಮ ಮನೆತನದಲ್ಲಿ ಇಂಥದ್ದನ್ನೆಲ್ಲ ಅರಗು ಹಾಕಿ ಇಟ್ಟದ್ದು ಸಾಕು ಎಂದು ಆ ಫೈಲು ಮುಚ್ಚಿದ ದಿನವೇ ನಿಶ್ಚಯಿಸಿಕೊಂಡಿದ್ದೆ. ಅವರು ಹತ್ತಿರ ಬಂದ ಕೂಡಲೇ ಹೇಳಿಬಿಟ್ಟೆ.

“ಈಗ ಒಂದು ಕ್ಷಣ ನೀವು ನೀವಲ್ಲ ಅನಸ್ತು.”

ಅವರ ನಗು ನಿಂತಿತು. “ಮತ್ತ ಯಾರನಸ್ತು?”

“ನಿಮ್ಮ ಹಂಗ ಇದ್ದವರು.”

ಜನ ನಮ್ಮಿಬ್ಬರನ್ನು ತಳ್ಳಿಕೊಂಡು ಹೋಗುತ್ತಿದ್ದರು. ಅವರು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟುಕೊಂಡು, ಖಾಲಿಯಾದ ಕೈಯಿಂದ ನನ್ನ ಮೊಣಕೈ ಹಿಡಿದು ಅಂಗಡಿಯ ಬದಿಗೆ ಕರೆದುಕೊಂಡು ಬಂದರು. ದೀಪದ ಕೆಳಗೆ ಮುಖ ತೋರಿಸಿ ನಿಂತರು.

“ಈಗ ನೋಡು. ಅವಸರ ಇಲ್ಲ,” ಎಂದರು.

ನಾನು ನೋಡತೊಡಗಿದೆ.